ಮಳೆ ರಾತ್ರಿಯ ಹಳದಿ ಕಪ್ಪೆಗಳು ಎಲ್ಲಿಂದ ಬಂದವು, ಎಲ್ಲಿಗೆ ಹೋದವು?

ಪ್ರಶ್ನೆ: ನಮ್ಮ ತೋಟ ಕೆರೆಯ ಹಿನ್ನೀರಿಗೆ ಹತ್ತಿರ ಇದೆ. ಈ ಸಲ ಮೃಗಶಿರಾ ಮಳೆ ಜೋರಾಗಿ ಹೊಡೆದ ಮಾರನೇ ದಿನ ಬದುವಿನ ಪಕ್ಕದ ಗುಂಡಿಯಲ್ಲಿ ಅಚ್ಚ ಹಳದಿ ಬಣ್ಣದ ದಪ್ಪ ದಪ್ಪ ಕಪ್ಪೆಗಳು ಕಾಣಿಸಿದವು. ಗಂಟಲಿನ ಎರಡೂ ಕಡೆ ನೀಲಿ ಬಲೂನು ಕಟ್ಟಿದ ಹಾಗಿತ್ತು. ಮೊದಲು ಇಂಥವನ್ನು ನೋಡಿದ್ದೇ ಇಲ್ಲ. ಎರಡು ರಾತ್ರಿ ಕೂಗಿ ನಿದ್ದೆ ಕೆಡಿಸಿದವು, ಆಮೇಲೆ ಮಾಯ. ಇವು ಹೊರಗಿನ ಜಾತಿಯಾ? ವಿಷ ಇರುತ್ತಾ? ಈಗ ಗುಂಡಿ ತುಂಬ ಮರಿಗಳಿವೆ. ಕಪ್ಪೆ ಇದ್ದರೆ ಹಾವು ಬರುತ್ತೆ, ಗುಂಡಿ ಮುಚ್ಚಿಬಿಡಿ ಅಂತ ಮನೆಯಲ್ಲಿ ಹೇಳುತ್ತಿದ್ದಾರೆ. ಮುಚ್ಚುವ ಮೊದಲು ಮರಿಗಳನ್ನು ಹಿಡಿದು ಕೆರೆಗೆ ಬಿಟ್ಟರೆ ಬದುಕುತ್ತವಾ?

ಉತ್ತರ: ಮೊದಲು ನಿಮ್ಮ ಮನೆಯವರಿಗೆ ತಿಳಿಸಬೇಕಾದ್ದನ್ನು ಹೇಳಿಬಿಡುತ್ತೇನೆ. ಇವು ಹೊರಗಿನ ಕಪ್ಪೆಗಳಲ್ಲ. ವಿಷದ ಕಪ್ಪೆಗಳೂ ಅಲ್ಲ. ಗುಂಡಿ ಮುಚ್ಚಬೇಡಿ, ಕಡೇಪಕ್ಷ ಇನ್ನೆರಡು ತಿಂಗಳು. ಮರಿಗಳನ್ನು ಕೆರೆಗೆ ಬಿಡುವ ಯೋಚನೆ ಒಳ್ಳೆಯ ಮನಸ್ಸಿನಿಂದ ಬಂದದ್ದೇ, ಆದರೆ ಹಾಗೆ ಮಾಡಿದರೆ ಅವುಗಳಲ್ಲಿ ಉಳಿಯುವುದು ತೀರಾ ಕಡಿಮೆ. ಯಾಕೆ ಅಂತ ಹೇಳಬೇಕಾದರೆ ಈ ಕಪ್ಪೆಯ ಇಡೀ ವರ್ಷದ ಬದುಕನ್ನೇ ಹೇಳಬೇಕು, ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳದೆ ಓದಿ.

ನೀವು ನೋಡಿದ್ದು ಗೂಳಿಕಪ್ಪೆ. ಕೆಲವು ಕಡೆ ಗೋಂಕರು ಕಪ್ಪೆ ಅಂತಾರೆ. ವಿಜ್ಞಾನದಲ್ಲಿ ಇದರ ಹೆಸರು ಹೋಪ್ಲೊಬ್ಯಾಟ್ರಕಸ್ ಟೈಗರಿನಸ್. ಪಿಯುಸಿಯಲ್ಲಿ ಬಯಾಲಜಿ ಓದಿದವರಿಗೆ ರಾನಾ ಟೈಗ್ರಿನಾ ಅನ್ನುವ ಹೆಸರು ನೆನಪಿರಬಹುದು. ಅದೇ ಕಪ್ಪೆ, ಹೆಸರು ಬದಲಾಗಿದೆ ಅಷ್ಟೇ. ಒಂದು ಕಾಲದಲ್ಲಿ ದೇಶದ ಕಾಲೇಜುಗಳಲ್ಲಿ ಟ್ರೇ ಮೇಲೆ ಮಲಗಿಸಿ ಕೊಯ್ಯುತ್ತಿದ್ದುದು ಹೆಚ್ಚಾಗಿ ಇದನ್ನೇ. ನಮ್ಮ ದೇಶದ ಅತಿ ದೊಡ್ಡ ಕಪ್ಪೆ ಇದು. ಮೂತಿಯಿಂದ ಹಿಂಭಾಗದವರೆಗೆ, ಕಾಲು ಬಿಟ್ಟು ಅಳೆದರೂ, ಚೆನ್ನಾಗಿ ಬೆಳೆದದ್ದು 16 ಸೆಂಟಿಮೀಟರ್ ದಾಟುತ್ತದೆ. ಹೆಣ್ಣು ಗಂಡಿಗಿಂತ ದೊಡ್ಡದು. ಪಾಕಿಸ್ತಾನದಿಂದ ಹಿಡಿದು ನೇಪಾಳ, ಬಾಂಗ್ಲಾದೇಶ, ಮ್ಯಾನ್ಮಾರ್‌ವರೆಗೂ ಇದರ ನೆಲೆ ಇದೆ. ಭಾರತದ ಬಯಲುಸೀಮೆ, ಕರಾವಳಿ, ಗದ್ದೆ ಬಯಲು ಎಲ್ಲ ಕಡೆಯೂ ಇದೆ.

ಮೊದಲು ಇಂಥವನ್ನು ನೋಡಿಲ್ಲ ಅಂತ ಬರೆದಿದ್ದೀರಿ. ಖಂಡಿತ ನೋಡಿರುತ್ತೀರಿ, ಗುರುತು ಹಿಡಿದಿರುವುದಿಲ್ಲ. ವರ್ಷದ ಮಿಕ್ಕೆಲ್ಲ ದಿನ ಇದರ ಮೈ ಪಾಚಿ ಹಸಿರು ಇಲ್ಲವೇ ಕಂದು. ಮೇಲೆ ಕಪ್ಪು ಮಚ್ಚೆ. ಬೆನ್ನಿನ ಮಧ್ಯೆ ಸಾಮಾನ್ಯವಾಗಿ ಒಂದು ತೆಳು ಬಣ್ಣದ ಗೆರೆ ಮೂತಿಯಿಂದ ಹಿಂದಿನವರೆಗೆ ಓಡುತ್ತದೆ. ಬೆನ್ನ ಮೇಲೆ ಉದ್ದುದ್ದ ಚರ್ಮದ ಮಡಿಕೆಗಳು. ಹಿಂಗಾಲಿನ ಬೆರಳುಗಳ ನಡುವೆ ತುದಿಯವರೆಗೂ ಜಾಲಪೊರೆ. ಗದ್ದೆ ಬದುವಿನ ಮೇಲೆ ನಡೆಯುವಾಗ ಕಾಲ ಬುಡದಿಂದ ಒಮ್ಮೆಗೇ ಹಾರಿ ನೀರಿಗೆ ದಬಕ್ಕನೆ ಬೀಳುವ ದೊಡ್ಡ ಕಪ್ಪೆ ಇದೆಯಲ್ಲ, ಅದೇ ಇದು.

ಬಣ್ಣದ ವಿಷಯಕ್ಕೆ ಬರೋಣ. ಹಳದಿ ಆಗುವುದು ಗಂಡು ಮಾತ್ರ. ಅದೂ ಮಿಲನದ ಆ ಕೆಲವು ದಿನ ಮಾತ್ರ. ಕಪ್ಪೆಯ ಚರ್ಮದಲ್ಲಿ ಬೇರೆ ಬೇರೆ ಪದರದ ಬಣ್ಣದ ಜೀವಕೋಶಗಳಿವೆ. ಒಂದರಲ್ಲಿ ಹಳದಿ, ಇನ್ನೊಂದರಲ್ಲಿ ಕಪ್ಪು. ಮಾಮೂಲಿ ದಿನಗಳಲ್ಲಿ ಕಪ್ಪು ಬಣ್ಣದ ಕಣಗಳು ಕೋಶದ ತುಂಬ ಹರಡಿಕೊಂಡಿರುತ್ತವೆ, ಹಾಗಾಗಿ ಮೈ ಮಂಕಾಗಿ ಕಾಣುತ್ತದೆ. ಮಿಲನದ ಹೊತ್ತಿಗೆ ಹಾರ್ಮೋನುಗಳ ಪ್ರಭಾವದಿಂದ ಆ ಕಣಗಳು ಕೋಶದ ನಡುವಿಗೆ ಮುದುಡಿಕೊಳ್ಳುತ್ತವೆ, ಹಳದಿ ಹೊರಗೆ ಕಾಣಿಸುತ್ತದೆ. ಕೆಲಸ ಮುಗಿದ ಮೇಲೆ ಕಣಗಳು ಮತ್ತೆ ಹರಡುತ್ತವೆ, ಹಳದಿ ಮುಚ್ಚಿಹೋಗುತ್ತದೆ. ನಿಮ್ಮ ಕಪ್ಪೆಗಳು "ಮಾಯ" ಆಗಿದ್ದರಲ್ಲಿ ಅರ್ಧ ಕಾರಣ ಇದೇ. ಅವುಗಳಲ್ಲಿ ಕೆಲವು ನಿಮ್ಮ ತೋಟದಲ್ಲೇ ಇರುತ್ತವೆ, ಆದರೆ ಈಗ ಮಣ್ಣಿನ ಬಣ್ಣಕ್ಕೆ ತಿರುಗಿ ಕೂತಿವೆ.

2020ರ ಜುಲೈನಲ್ಲಿ ಮಧ್ಯಪ್ರದೇಶದ ನರಸಿಂಗಪುರದ ಒಂದು ನೀರು ನಿಂತ ಜಾಗದಲ್ಲಿ ಹೀಗೇ ಹಳದಿ ಗೂಳಿಕಪ್ಪೆಗಳು ತುಂಬಿದ ವಿಡಿಯೋ ಎಲ್ಲರ ಫೋನಿಗೂ ಬಂತು. ಕೊರೊನಾ ಕಾಲ ಬೇರೆ. ಇದೇನೋ ಅಪಶಕುನ, ಯಾವುದೋ ಹೊಸ ಪಿಡುಗು ಅಂತ ಹೆದರಿದವರೂ ಇದ್ದರು. ಅಲ್ಲಿ ನಡೆಯುತ್ತಿದ್ದುದು ಪ್ರತಿ ಮಳೆಗಾಲದಲ್ಲೂ ನಡೆಯುವ ಸಂಗತಿ, ಯಾರೋ ಹಗಲಲ್ಲಿ ಕ್ಯಾಮೆರಾ ಹಿಡಿದಿದ್ದರು ಅಷ್ಟೇ.

ಇಷ್ಟು ಗಾಢ ಬಣ್ಣ ಯಾಕೆ ಬೇಕು? ಆ ಗುಂಡಿಯೊಳಗೆ ಏನಾಗುತ್ತದೆ ಅಂತ ನೋಡಿದರೆ ಅರ್ಥವಾಗುತ್ತದೆ. ಈ ಕಪ್ಪೆಗಳು ವಾರಗಟ್ಟಲೆ ಪ್ರಣಯ ನಡೆಸುವವಲ್ಲ. ಜೋರು ಮಳೆ ಬಿತ್ತು, ತಗ್ಗಿನಲ್ಲಿ ನೀರು ನಿಂತಿತು, ಸುತ್ತಮುತ್ತಲಿನ ಗಂಡುಗಳೆಲ್ಲ ಒಂದೇ ರಾತ್ರಿ ಅಲ್ಲಿ ಸೇರಿದವು. ಒಂದೆರಡು ದಿನದಲ್ಲಿ ಎಲ್ಲ ಮುಗಿಯಬೇಕು. ಆ ಅವಸರದಲ್ಲಿ ಗಂಡು ತನ್ನ ಮುಂದೆ ಅಲ್ಲಾಡಿದ್ದನ್ನೆಲ್ಲ ತಬ್ಬಿಕೊಳ್ಳುತ್ತದೆ. ಇನ್ನೊಂದು ಗಂಡನ್ನೂ ಬಿಡುವುದಿಲ್ಲ. ಹಾಗೆ ತಬ್ಬಿಸಿಕೊಂಡ ಗಂಡು "ನಾನು ಹೆಣ್ಣಲ್ಲ, ಬಿಡು" ಅನ್ನುವಂತೆ ಬೇರೆಯದೇ ಒಂದು ದನಿ ಹೊರಡಿಸುತ್ತದೆ. ಅಂಥ ಗುಂಪಿನಲ್ಲಿ ಹಳದಿ ಇದ್ದದ್ದು ಗಂಡು, ಮಂಕು ಬಣ್ಣದ್ದು ಹೆಣ್ಣು ಅಂತ ದೂರದಿಂದಲೇ ಗೊತ್ತಾದರೆ ಎಲ್ಲರ ಸಮಯವೂ ಉಳಿಯುತ್ತದೆ, ಅಲ್ವಾ? ಬಣ್ಣದ ಬಗ್ಗೆ ನನಗೆ ಹೆಚ್ಚು ಒಪ್ಪಿಗೆಯಾಗುವ ವಿವರಣೆ ಇದು.

ನೀಲಿ ಬಲೂನುಗಳು ಅಂದಿರಲ್ಲ, ಅವು ದನಿಚೀಲಗಳು. ಎರಡಿರುತ್ತವೆ, ಗಂಟಲಿನ ಆ ಕಡೆ ಒಂದು, ಈ ಕಡೆ ಒಂದು. ಶ್ವಾಸಕೋಶದ ಗಾಳಿ ಗಂಟಲಿನ ಮೂಲಕ ಈ ಚೀಲಗಳಿಗೆ ನುಗ್ಗುತ್ತದೆ, ಮತ್ತೆ ಒಳಗೆ ಹೋಗುತ್ತದೆ. ಬಾಯಿ ಮೂಗು ಮುಚ್ಚಿಕೊಂಡೇ ಕೂಗುವುದರಿಂದ ಗಾಳಿ ಹೊರಗೆ ಪೋಲಾಗುವುದಿಲ್ಲ, ಅದೇ ಗಾಳಿಯನ್ನು ತಿರುಗಾ ಮುರುಗಾ ಬಳಸಿ ರಾತ್ರಿಯಿಡೀ ಕೂಗಬಹುದು. ಹತ್ತಿರ ಹೋಗಿ ಟಾರ್ಚ್ ಬೆಳಕಲ್ಲಿ ನೋಡಿದರೆ ಚೀಲ ಉಬ್ಬಿದಾಗಲೆಲ್ಲ ಮೈ ಸುತ್ತಲಿನ ನೀರು ಸಣ್ಣಗೆ ನಡುಗುವುದು ಕಾಣುತ್ತದೆ. ಗಂಡಿನ ಮುಂಗಾಲಿನ ಒಳಬೆರಳಿನ ಬುಡ ಈ ಕಾಲದಲ್ಲಿ ದಪ್ಪಗೆ, ಒರಟಾಗಿರುತ್ತದೆ. ಲೋಳೆ ಮೈಯ ಹೆಣ್ಣು ಜಾರಿ ಹೋಗದಂತೆ ಹಿಡಿದುಕೊಳ್ಳಲು ಅದು ಬೇಕು. ಹೆಣ್ಣಿನ ಬೆನ್ನೇರಿ ಕಂಕುಳ ಕೆಳಗೆ ಬಿಗಿಯಾಗಿ ಹಿಡಿದು ಕೂರುತ್ತದೆ. ಹೆಣ್ಣು ಮೊಟ್ಟೆ ನೀರಿಗೆ ಬಿಡುತ್ತಿದ್ದ ಹಾಗೆ ಗಂಡು ಅದರ ಮೇಲೆ ವೀರ್ಯ ಬಿಡುತ್ತದೆ. ಒಂದು ಹೆಣ್ಣು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಇಟ್ಟು ಹೊರಟುಬಿಡುತ್ತದೆ. ಕಾಯುವುದು, ಸಾಕುವುದು ಯಾವುದೂ ಇಲ್ಲ.

ಹಾಗಾದರೆ ಮಳೆಗೆ ಮೊದಲು ಇವೆಲ್ಲ ಎಲ್ಲಿದ್ದವು? ಮಳೆ ಜೊತೆ ಆಕಾಶದಿಂದ ಬಿದ್ದವು ಅನ್ನುವ ಮಾತು ಈಗಲೂ ಕೇಳುತ್ತೇನೆ. ಇವು ಇದ್ದದ್ದು ನಿಮ್ಮ ಕಾಲ ಕೆಳಗೇ. ಬೇಸಿಗೆಯಲ್ಲಿ ನೀರು ಹಿಂದೆ ಸರಿದ ಹಾಗೆ ಗೂಳಿಕಪ್ಪೆ ಕೆರೆಯಂಚಿನ ಹಸಿ ಮಣ್ಣಿಗೆ, ಏಡಿಯ ಬಿಲಕ್ಕೆ, ಬೇರಿನ ಸಂದಿಗೆ, ಕಲ್ಲು ಕಟ್ಟಿದ ಬದುವಿನ ಬಿರುಕಿಗೆ ಇಳಿದು ಸುಮ್ನೆ ಕೂತುಬಿಡುತ್ತದೆ. ತಿನ್ನುವುದಿಲ್ಲ, ಓಡಾಡುವುದಿಲ್ಲ. ಉಸಿರಾಟವೂ ಎದೆಬಡಿತವೂ ನಿಧಾನವಾಗುತ್ತವೆ. ಶ್ವಾಸಕೋಶದ ಕೆಲಸವನ್ನು ಬಹುಪಾಲು ಒದ್ದೆ ಚರ್ಮವೇ ಮಾಡುತ್ತದೆ. ಕಪ್ಪೆ ಬಾಯಿಯಿಂದ ನೀರು ಕುಡಿಯುವುದಿಲ್ಲ ಅನ್ನುವುದು ನಿಮಗೆ ಗೊತ್ತಿರಬಹುದು. ಹೊಟ್ಟೆಯ ಕೆಳಭಾಗ, ತೊಡೆಯ ಒಳಭಾಗದ ತೆಳು ಚರ್ಮದಿಂದ ಹಸಿ ಮಣ್ಣಿನ ತೇವವನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಮಣ್ಣು ಪೂರ್ತಿ ಒಣಗಿ ಗಟ್ಟಿಯಾಗದೆ, ಒಂದಿಷ್ಟು ಕೆಳಗಾದರೂ ತಂಪು ಉಳಿದಿರುವ ಜಾಗ ಇದಕ್ಕೆ ಬೇಕು.

ತಿಂಗಳುಗಟ್ಟಲೆ ಊಟವಿಲ್ಲದೆ ಹೇಗೆ ಬದುಕುತ್ತದೆ? ಹೊಟ್ಟೆಯೊಳಗೆ, ಬೀಜ ಮತ್ತು ಅಂಡಾಶಯಗಳ ಪಕ್ಕದಲ್ಲೇ, ಬೆರಳುಗಳಂತೆ ಕವಲೊಡೆದ ಹಳದಿ ಕೊಬ್ಬಿನ ಗೊಂಚಲುಗಳಿವೆ. ಲ್ಯಾಬಿನಲ್ಲಿ ಕಪ್ಪೆ ನೋಡಿದವರಿಗೆ ಇದು ಕಣ್ಣಿಗೆ ಹೊಡೆದ ಹಾಗೆ ನೆನಪಿರುತ್ತದೆ. ಮಳೆಗಾಲದಲ್ಲಿ ತಿಂದದ್ದು ಅಲ್ಲಿ ಸೇರುತ್ತದೆ, ಬೇಸಿಗೆಯಲ್ಲಿ ಕರಗುತ್ತದೆ. ಇನ್ನೊಂದು ಸಂಗತಿ ಇದೆ, ನನಗೆ ಬಹಳ ಇಷ್ಟವಾದದ್ದು. ಮಳೆ ಬಿದ್ದ ಮೇಲೆ ಹೆಣ್ಣು ಮೊಟ್ಟೆ ತಯಾರು ಮಾಡಲು ಶುರು ಮಾಡುವುದಿಲ್ಲ, ಅಷ್ಟು ಸಮಯವೇ ಇರುವುದಿಲ್ಲ. ಮಳೆಗಾಲಕ್ಕೆ ಮೊದಲೇ ಅಂಡಾಶಯ ಬೆಳೆದು ಸಿದ್ಧವಾಗಿರುತ್ತದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಎಸ್. ಕೆ. ಸೈದಾಪುರ ಮತ್ತು ಅವರ ತಂಡ ನಮ್ಮ ಕಪ್ಪೆಗಳ ಸಂತಾನದ ಈ ವಾರ್ಷಿಕ ಚಕ್ರವನ್ನು ವರ್ಷಾನುಗಟ್ಟಲೆ ಕೂತು ಅಧ್ಯಯನ ಮಾಡಿದ್ದಾರೆ. ನಮ್ಮ ನೆಲದ ಕಪ್ಪೆಯ ಬಗ್ಗೆ ನಮ್ಮ ಊರಲ್ಲೇ ಇಷ್ಟು ಒಳ್ಳೆಯ ಕೆಲಸ ಆಗಿದೆ ಅನ್ನುವುದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಮಳೆ ಇಲ್ಲಿ ಕೊನೆಯ ಅಪ್ಪಣೆ ಮಾತ್ರ. ತಂಪು, ತೇವ, ನಿಂತ ನೀರು, ಬೇರೆ ಗಂಡುಗಳ ಕೂಗು ಎಲ್ಲ ಸೇರಿ ಆ ಅಪ್ಪಣೆ ಕೊಡುತ್ತವೆ.

ಈಗ ಮುಖ್ಯವಾದ ವಿಷಯ. ಅಷ್ಟು ದೊಡ್ಡ ಕೆರೆ ಪಕ್ಕದಲ್ಲೇ ಇದ್ದರೂ ಅವು ನಿಮ್ಮ ಪುಟ್ಟ ಗುಂಡಿಗೆ ಬಂದದ್ದು ಯಾಕೆ?

ಕೆರೆಯಲ್ಲಿ ಮೀನಿದೆ. ಇಷ್ಟೇ ಉತ್ತರ. ಮೀನಿಗೆ ಕಪ್ಪೆಯ ಮೊಟ್ಟೆ, ಗೊದಮೊಟ್ಟೆ ಎರಡೂ ಸುಲಭದ ಊಟ. ಬೇಸಿಗೆಯಲ್ಲಿ ಪೂರ್ತಿ ಒಣಗುವ ಗುಂಡಿಯಲ್ಲಿ ಮೀನು ಬದುಕುವುದಿಲ್ಲ. ಹೊಸ ಮಳೆ ನೀರು ನಿಂತಾಗ ಅಲ್ಲಿ ದೊಡ್ಡ ಬೇಟೆಗಾರರು ಇನ್ನೂ ಸೇರಿಕೊಂಡಿರುವುದಿಲ್ಲ. ಏರೋಪ್ಲೇನ್ ಚಿಟ್ಟೆಯ ನೀರಿನ ಮರಿಗಳು, ನೀರು ಜೀರುಂಡೆಗಳು ಬಂದು ಬಲಿಯುವಷ್ಟರಲ್ಲಿ ಗೊದಮೊಟ್ಟೆಗಳೂ ಬಲಿತಿರಬೇಕು. ನೀರು ಕಡಿಮೆ ಆಳ ಇರುವುದರಿಂದ ಬಿಸಿಲಿಗೆ ಬೇಗ ಬೆಚ್ಚಗಾಗುತ್ತದೆ, ಬೆಚ್ಚಗಿದ್ದಷ್ಟೂ ಮರಿ ಬೇಗ ಬೆಳೆಯುತ್ತದೆ. ಮೊಟ್ಟೆ ಒಂದೆರಡು ದಿನದಲ್ಲೇ ಒಡೆಯುತ್ತದೆ. ನೀರಿನ ಬಿಸಿ, ಊಟ ನೋಡಿಕೊಂಡು ಸುಮಾರು ಒಂದರಿಂದ ಒಂದೂವರೆ ತಿಂಗಳಲ್ಲಿ ಮರಿ ನೆಲಕ್ಕೆ ಹತ್ತುತ್ತದೆ. ಗುಂಡಿ ಅದಕ್ಕಿಂತ ಮೊದಲು ಒಣಗಿದರೆ ಎಲ್ಲ ಮುಗಿಯಿತು. ಅಂದರೆ ಇದು ಪ್ರತಿ ವರ್ಷ ನೀರಿನ ಜೊತೆ ಕಟ್ಟುವ ಪಂದ್ಯ. ಕೆಲವು ವರ್ಷ ಸೋಲುತ್ತದೆ. ಸಾವಿರಾರು ಮೊಟ್ಟೆ ಇಡುವುದು ಅದಕ್ಕೇ.

ಗೊದಮೊಟ್ಟೆಗಳನ್ನು ಒಂದು ಸಲ ಬಿಳಿ ಬಟ್ಟಲಿನಲ್ಲಿ ಗುಂಡಿಯದೇ ನೀರು ಹಾಕಿ ನೋಡಿ, ಆಮೇಲೆ ಅಲ್ಲೇ ಬಿಟ್ಟುಬಿಡಿ. ಗೊದಮೊಟ್ಟೆ ಅಂದರೆ ಪಾಚಿ ತಿನ್ನುವ ಸಾಧು ಜೀವಿ ಅಂತ ಪಾಠದಲ್ಲಿ ಓದಿರುತ್ತೇವೆ. ಗೂಳಿಕಪ್ಪೆಯ ಮರಿ ಹಾಗಲ್ಲ. ಅದರ ಬಾಯಿಗೆ ಗಟ್ಟಿ, ಕಪ್ಪು, ಹಲ್ಲುಹಲ್ಲಾದ ಅಂಚಿನ ಕೊಕ್ಕು ಇದೆ. ಸೊಳ್ಳೆ ಮರಿ ತಿನ್ನುತ್ತದೆ, ಅದನ್ನು ಪ್ರಯೋಗ ಮಾಡಿ ನೋಡಿದ್ದಾರೆ. ಬೇರೆ ಕಪ್ಪೆಗಳ ಗೊದಮೊಟ್ಟೆ ತಿನ್ನುತ್ತದೆ. ಊಟ ಕಡಿಮೆಯಾಗಿ ನೀರು ಕುಗ್ಗಿದರೆ ತನ್ನ ಜಾತಿಯ ಮರಿಗಳನ್ನೇ ತಿನ್ನುತ್ತದೆ. ಬಾಲ ಕಚ್ಚಿ ಹಿಡಿದು ಎಳೆದಾಡುವುದನ್ನು ನೀವೇ ನೋಡಬಹುದು. ಧಾರವಾಡದ ಅದೇ ತಂಡ ಇದರ ಮೇಲೆ ಸೊಗಸಾದ ಪ್ರಯೋಗ ಮಾಡಿದೆ. ಗೂಳಿಕಪ್ಪೆಯ ಮರಿ ಬೇಟೆಯನ್ನು ಕಣ್ಣಿಂದ ನೋಡಿ ಹಿಡಿಯುತ್ತದೆ. ಬೇಟೆಯಾಗುವ ಮರಿಗಳು, ಉದಾಹರಣೆಗೆ ನೆಲಗಪ್ಪೆಯ ಮರಿಗಳು, ಬೇಟೆಗಾರನನ್ನು ಕಂಡು ಹೆದರುವುದಿಲ್ಲ, ನೀರಿನಲ್ಲಿ ಕರಗಿ ಬಂದ ಅದರ ವಾಸನೆಯಿಂದ ಗುರುತಿಸುತ್ತವೆ. ಒಂದೇ ಅಂಗೈ ಅಗಲದ ನೀರು, ಒಬ್ಬರಿಗೆ ಅದು ನೋಟದ ಲೋಕ, ಇನ್ನೊಬ್ಬರಿಗೆ ವಾಸನೆಯ ಲೋಕ. ಕದಡಿದ ಕೆಂಪು ನೀರಿನಲ್ಲಿ ಯಾರಿಗೆ ಅನುಕೂಲ ಅಂತ ಯೋಚಿಸಿ ನೋಡಿ.

ಇದೇ ಗುಣ ಬೇರೆ ಕಡೆ ಅನಾಹುತ ಮಾಡಿದೆ. ಅಂಡಮಾನ್ ದ್ವೀಪಗಳಲ್ಲಿ ಗೂಳಿಕಪ್ಪೆ ಮೂಲದಲ್ಲಿ ಇರಲಿಲ್ಲ. ಈ ಶತಮಾನದಲ್ಲಿ ಅಲ್ಲಿಗೆ ಸೇರಿಕೊಂಡಿತು, ಮೀನು ಸಾಕಣೆಗೆ ತರಿಸಿದ ಮರಿಗಳ ಜೊತೆ ಇದರ ಗೊದಮೊಟ್ಟೆಗಳೂ ಸಾಗಿ ಹೋದದ್ದು ಒಂದು ದಾರಿ. ಅಲ್ಲಿನ ಸ್ಥಳೀಯ ಕಪ್ಪೆಗಳ ಗೊದಮೊಟ್ಟೆಗಳ ಜೊತೆ ಇದನ್ನಿಟ್ಟು ಪ್ರಯೋಗ ಮಾಡಿದಾಗ ಸ್ಥಳೀಯ ಮರಿಗಳು ಉಳಿಯಲೇ ಇಲ್ಲ. ಮಡಗಾಸ್ಕರ್‌ನಲ್ಲೂ ಮಾಲ್ಡೀವ್ಸ್‌ನಲ್ಲೂ ಮನುಷ್ಯರೇ ಒಯ್ದು ಬಿಟ್ಟದ್ದು ಹರಡಿದೆ. ನಮ್ಮಲ್ಲಿ ಹಾಗೇಕೆ ಆಗುವುದಿಲ್ಲ? ಇಲ್ಲಿ ಇದರ ಜೊತೆಗೇ ಬೆಳೆದ ಕಪ್ಪೆಗಳಿವೆ, ವಾಸನೆ ಹಿಡಿದು ತಪ್ಪಿಸಿಕೊಳ್ಳುವುದು ಅವಕ್ಕೆ ಗೊತ್ತು. ಇದನ್ನು ತಿನ್ನುವ ಪ್ರಾಣಿಗಳೂ ಬೇಕಾದಷ್ಟಿವೆ. ಅದಕ್ಕೇ ಹೇಳಿದ್ದು, ಮರಿಗಳನ್ನು ಎತ್ತಿ ಇನ್ನೊಂದು ಕಡೆ ಬಿಡಬೇಡಿ. ಕೆರೆಗೆ ಬಿಟ್ಟರೆ ಮೀನು ತಿನ್ನುತ್ತದೆ. ಮೀನಿಲ್ಲದ ಇನ್ನೊಂದು ಹೊಂಡಕ್ಕೆ ಬಿಟ್ಟರೆ ಅಲ್ಲಿರುವ ಮರಿಗಳನ್ನು ಇವು ತಿನ್ನುತ್ತವೆ.

ಹಿಂಗಾಲು ಮೂಡಿದ ಮೇಲೆ ದಿನಾ ನೋಡಿ, ಬದಲಾವಣೆ ಬಹಳ ಬೇಗ ಆಗುತ್ತದೆ. ಮುಂಗಾಲು ಹೊರಗೆ ಕಾಣದಿದ್ದರೂ ಒಳಗೆ, ಕಿವಿರಿನ ಮುಚ್ಚಳದ ಕೆಳಗೆ, ಆಗಲೇ ಬೆಳೆದಿರುತ್ತದೆ. ಒಂದು ದಿನ ಚರ್ಮವನ್ನು ದಾಟಿ ಮೊಣಕೈ ಹೊರಗೆ ಬರುತ್ತದೆ. ಆಮೇಲಿನ ಕೆಲವು ದಿನ ಮರಿ ಏನನ್ನೂ ತಿನ್ನುವುದಿಲ್ಲ, ಯಾಕೆಂದರೆ ತಿನ್ನಲು ಬಾಯಿಯೇ ಇಲ್ಲ. ಕೊಕ್ಕು ಉದುರಿರುತ್ತದೆ, ಅಗಲ ಬಾಯಿ, ನಾಲಿಗೆ ಇನ್ನೂ ತಯಾರಾಗುತ್ತಿರುತ್ತದೆ. ಕಿವಿರು ಹೋಗಿ ಶ್ವಾಸಕೋಶ ಕೆಲಸಕ್ಕೆ ಬರುತ್ತಿರುತ್ತದೆ. ಆ ದಿನಗಳಲ್ಲಿ ತನ್ನ ಬಾಲವನ್ನೇ ಕರಗಿಸಿಕೊಂಡು ಬದುಕುತ್ತದೆ. ಅರ್ಧ ಬಾಲ ಇರುವಾಗಲೇ ನೀರಿನಂಚಿಗೆ ಬಂದು ಕೂರುತ್ತದೆ. ಈಜಲೂ ಆಗದ, ಜಿಗಿಯಲೂ ಆಗದ ಹೊತ್ತು ಅದು. ಕೊಳಬಕಗಳು, ನೀರು ಹಾವುಗಳು ಗುಂಡಿಯ ಅಂಚಿನಲ್ಲಿ ಕಾಯುವುದು ಆಗಲೇ.

ಹಾವಿನ ಮಾತು ಬಂತು. ನಿಮ್ಮ ಮನೆಯವರು ಹೇಳಿದ್ದರಲ್ಲಿ ಸತ್ಯ ಇದೆ, ಕಪ್ಪೆ ತಿನ್ನಲು ಹಾವು ಬರುತ್ತದೆ. ಗುಂಡಿಯಲ್ಲಿ ಹೆಚ್ಚಾಗಿ ಕಾಣುವುದು ನೀರು ಹಾವು, ಸುತ್ತ ಕೇರೆ ಹಾವು. ಎರಡಕ್ಕೂ ಮನುಷ್ಯರನ್ನು ಕೊಲ್ಲುವ ವಿಷ ಇಲ್ಲ. ನಾಗರಹಾವು ಕೂಡ ಕಪ್ಪೆ ತಿನ್ನುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನಾಗರಹಾವನ್ನು ಮನೆ ಹತ್ತಿರಕ್ಕೆ ಎಳೆಯುವುದು ದೂರದ ಗುಂಡಿಗಿಂತ ಹೆಚ್ಚಾಗಿ ಮನೆ ಪಕ್ಕದ ಇಲಿ, ಸೌದೆ ಒಟ್ಟಿಲು, ಕಲ್ಲು ಗುಡ್ಡೆ. ಅದನ್ನು ಸ್ವಚ್ಛ ಮಾಡಿ, ರಾತ್ರಿ ಟಾರ್ಚ್ ಇಲ್ಲದೆ ತೋಟಕ್ಕೆ ಹೋಗಬೇಡಿ. ಇಲಿಯ ಮಾತಿಗೆ ಇನ್ನೊಂದು. ಗೂಳಿಕಪ್ಪೆ ದೊಡ್ಡದಾದ ಮೇಲೆ ಬಾಯಿಗೆ ಹಿಡಿಯುವ ಯಾವುದನ್ನೂ ಬಿಡುವುದಿಲ್ಲ. ಮಿಡತೆ, ಜೀರುಂಡೆ, ಎರೆಹುಳು, ಬದು ಕೊರೆಯುವ ಏಡಿ, ಸಣ್ಣ ಕಪ್ಪೆ, ಇಲಿಮರಿ, ಒಮ್ಮೊಮ್ಮೆ ಸಣ್ಣ ಹಾವನ್ನೂ ನುಂಗುತ್ತದೆ. ನಾಲಿಗೆಯ ಬುಡ ಬಾಯಿಯ ಮುಂಭಾಗದಲ್ಲಿದೆ, ತುದಿ ಗಂಟಲ ಕಡೆಗೆ ಮಡಿಚಿಕೊಂಡಿರುತ್ತದೆ. ಬೇಟೆ ಕಂಡಾಗ ಅದನ್ನು ಹೊರಕ್ಕೆ ಬೀಸುತ್ತದೆ. ನುಂಗುವಾಗ ಕಣ್ಣು ಮುಚ್ಚಿಕೊಳ್ಳುವುದನ್ನು ಗಮನಿಸಿ. ಕಣ್ಣುಗುಡ್ಡೆಗಳು ಒಳಕ್ಕೆ ಇಳಿದು, ಬಾಯಿಯೊಳಗಿನ ಊಟವನ್ನು ಗಂಟಲಿಗೆ ತಳ್ಳಲು ನೆರವಾಗುತ್ತವೆ.

ವಿಷದ ಬಗ್ಗೆ. ಗೂಳಿಕಪ್ಪೆಯನ್ನು ಮುಟ್ಟಿದರೆ ಏನೂ ಆಗುವುದಿಲ್ಲ. ಒಣ ಚರ್ಮದ, ಮೈಯೆಲ್ಲ ಗಂಟು ಗಂಟಿನ ನೆಲಗಪ್ಪೆ ಬೇರೆ. ಅದರ ಕಣ್ಣಿನ ಹಿಂದೆ ಉಬ್ಬಿದ ಗ್ರಂಥಿಗಳಿವೆ, ಅವುಗಳ ರಸ ಬಾಯಿಗೆ ಹೋದರೆ ನಾಯಿ ನೊರೆ ಕಾರುತ್ತದೆ. ಗೂಳಿಕಪ್ಪೆಗೆ ಆ ಗ್ರಂಥಿಗಳಿಲ್ಲ. ಆದರೆ ಅದರ ಚರ್ಮದ ಲೋಳೆಯಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಪುಟ್ಟ ಪೆಪ್ಟೈಡ್‌ಗಳಿವೆ, ಅಂದರೆ ಪ್ರೋಟೀನಿನಂಥವೇ ಸಣ್ಣ ಅಣುಗಳು. ಸದಾ ಕೆಸರಲ್ಲಿ, ಕೊಳೆತ ನೀರಲ್ಲಿ ಬದುಕುವ ಪ್ರಾಣಿಗೆ ಅದು ಬೇಕೇ ಬೇಕು. ಹೈದರಾಬಾದಿನ ಜೀವಕೋಶ ಮತ್ತು ಅಣುಜೀವಶಾಸ್ತ್ರ ಸಂಶೋಧನಾ ಕೇಂದ್ರದ (ಸಿಸಿಎಂಬಿ) ವಿಜ್ಞಾನಿಗಳು 2001ರಲ್ಲಿ ಇವನ್ನು ಬೇರ್ಪಡಿಸಿ ಟೈಗರಿನಿನ್ ಅಂತ ಹೆಸರಿಟ್ಟರು. ಮುಟ್ಟಲೇಬೇಕಾದರೆ ಕೈ ಒದ್ದೆ ಮಾಡಿಕೊಂಡು ಮುಟ್ಟಿ, ಆಮೇಲೆ ತೊಳೆದುಕೊಳ್ಳಿ. ಸೊಳ್ಳೆ ಮುಲಾಮು, ಸೋಪು, ಔಷಧಿ ಹೊಡೆದ ಕೈಯಲ್ಲಿ ಮಾತ್ರ ಮುಟ್ಟಬೇಡಿ. ಚರ್ಮದಲ್ಲೇ ಉಸಿರಾಡಿ ಚರ್ಮದಲ್ಲೇ ನೀರು ಕುಡಿಯುವ ಪ್ರಾಣಿಗೆ ಅದು ನೇರ ಒಳಗೆ ಇಳಿಯುತ್ತದೆ.

ಈ ಕಪ್ಪೆಗೆ ನಾವು ಮಾಡಿದ್ದೇನು ಅನ್ನುವುದನ್ನೂ ಹೇಳಲೇಬೇಕು. ಕಪ್ಪೆಕಾಲಿನ ರಫ್ತು ಒಂದು ಕಾಲದಲ್ಲಿ ದೊಡ್ಡ ವ್ಯಾಪಾರ. ಯುರೋಪ್, ಅಮೆರಿಕದ ಹೋಟೆಲುಗಳಿಗೆ ಭಾರತದಿಂದ ಹೋಗುತ್ತಿತ್ತು. 1981ರಲ್ಲಿ ಒಂದೇ ವರ್ಷ 4,000 ಟನ್‌ಗೂ ಹೆಚ್ಚು ಕಾಲುಗಳು ಹೋದವು. ಹಿಂಗಾಲು ಮಾತ್ರ ಬೇಕಾಗಿತ್ತು, ಮಿಕ್ಕದ್ದನ್ನು ಎಸೆಯುತ್ತಿದ್ದರು. ಗೂಳಿಕಪ್ಪೆಯೇ ಇದರಲ್ಲಿ ಮುಖ್ಯ, ದಪ್ಪ ತೊಡೆ ಇರುವುದು ಇದಕ್ಕೇ ತಾನೆ. ಹಿಡಿಯುತ್ತಿದ್ದುದು ಮಳೆ ರಾತ್ರಿಗಳಲ್ಲಿ, ಅಂದರೆ ಮೊಟ್ಟೆ ಇಡಲು ಬಂದ ಹೆಣ್ಣನ್ನು ಮೊಟ್ಟೆ ಇಡುವ ಮೊದಲೇ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಹುಮಾಯೂನ್ ಅಬ್ದುಲಾಲಿ ಅಂಥವರು ಇದರ ವಿರುದ್ಧ ಬರೆದರು. ಕಪ್ಪೆ ಹೋದರೆ ಗದ್ದೆಯ ಹುಳ ಹೆಚ್ಚುತ್ತದೆ, ಕೀಟನಾಶಕಕ್ಕೆ ಖರ್ಚಾಗುತ್ತದೆ ಅನ್ನುವುದು ಆ ವಾದದ ತಿರುಳು. 1985ರಲ್ಲಿ ಈ ಜಾತಿ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿತು. 1987ರಲ್ಲಿ ಭಾರತ ರಫ್ತನ್ನೇ ನಿಲ್ಲಿಸಿತು. ಇದನ್ನು ಹಿಡಿಯುವುದು, ಕೊಲ್ಲುವುದು ಇವತ್ತು ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಅಪರಾಧ. ಗೋವಾದಲ್ಲಿ ಈಗಲೂ "ಜಂಪಿಂಗ್ ಚಿಕನ್" ಅಂತ ಕದ್ದು ಮಾರುತ್ತಾರೆ, ಮಳೆ ಶುರುವಾಗುತ್ತಿದ್ದ ಹಾಗೆ ಅಲ್ಲಿನ ಅರಣ್ಯ ಇಲಾಖೆ ರಾತ್ರಿ ಗಸ್ತು ಹಾಕಬೇಕಾಗುತ್ತದೆ.

ರಫ್ತು ನಿಂತದ್ದು ಸರಿ. ಈಗಿನ ತೊಂದರೆ ಬೇರೆ ಥರದ್ದು, ಅದರ ಬಗ್ಗೆ ನನಗೆ ಜಾಸ್ತಿ ಚಿಂತೆ. ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಅಂತ ಹೇಳುವ ಜಾಗತಿಕ ಪಟ್ಟಿಯಲ್ಲಿ ಗೂಳಿಕಪ್ಪೆ ಅಪಾಯದಲ್ಲಿಲ್ಲದ ಜಾತಿ. ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಜೌಗು ಪ್ರದೇಶ ಅಂದ ಕೂಡಲೇ ನಮಗೆ ರಂಗನತಿಟ್ಟು, ಮಾಗಡಿ ಕೆರೆ, ಅಂಕಸಮುದ್ರ ನೆನಪಾಗುತ್ತವೆ. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿವೆ, ಹಕ್ಕಿಗಳಿವೆ, ಒಳ್ಳೆಯದೇ. ಆದರೆ 2017ರ ಜೌಗು ಪ್ರದೇಶಗಳ ಸಂರಕ್ಷಣಾ ನಿಯಮಗಳನ್ನು ತೆಗೆದು ನೋಡಿ. ಗದ್ದೆಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಕುಡಿಯುವ ನೀರಿಗೆ, ನೀರಾವರಿಗೆ ಅಂತ ಮನುಷ್ಯರು ಕಟ್ಟಿದ ಕೆರೆಗಳೂ ಬರುವುದಿಲ್ಲ. ಗೂಳಿಕಪ್ಪೆ ಬದುಕುವುದು ಸರಿಯಾಗಿ ಅಲ್ಲೇ.

ಅದಕ್ಕೆ ಬೇಕಾದ್ದು ಬರೀ ಕೆರೆಯಲ್ಲ. ಬೇಸಿಗೆಗೆ ಹಸಿ ಮಣ್ಣು, ಮಳೆಗೆ ಮೀನಿಲ್ಲದ ತಗ್ಗು, ಮಿಕ್ಕ ದಿನಕ್ಕೆ ಗದ್ದೆ ಮತ್ತು ಕೆರೆಯಂಚು, ಇವು ಮೂರೂ ಕಪ್ಪೆ ಕುಪ್ಪಳಿಸಿ ತಲುಪುವಷ್ಟು ಹತ್ತಿರ ಇರಬೇಕು. ಕೆರೆ ಅಭಿವೃದ್ಧಿ ಅನ್ನುವ ಹೆಸರಲ್ಲಿ ನಾವು ಮಾಡುವುದು ಇದಕ್ಕೆ ತದ್ವಿರುದ್ಧ. ಸುತ್ತ ಹೂಳೆತ್ತಿ ಒಂದೇ ಸಮ ಆಳ ಮಾಡುತ್ತೇವೆ. ಇಳಿಜಾರಾಗಿದ್ದ ಅಂಚಿಗೆ ಕಡಿದಾದ ಕಲ್ಲುಗೋಡೆ ಕಟ್ಟುತ್ತೇವೆ, ಮೇಲೆ ನಡಿಗೆ ದಾರಿ, ದೀಪ. ಹಿನ್ನೀರಿನ ಗುಂಡಿಗಳನ್ನು ಮಟ್ಟ ಮಾಡುತ್ತೇವೆ. ಸೊಳ್ಳೆಗೆ ಅಂತ ಸಿಕ್ಕ ಸಿಕ್ಕ ಹೊಂಡಕ್ಕೆ ಗ್ಯಾಂಬೂಸಿಯಾ ಮೀನು ಬಿಡುತ್ತೇವೆ, ಅದು ಕಪ್ಪೆಯ ಮೊಟ್ಟೆ ಮರಿಗಳನ್ನೂ ಬಿಡುವುದಿಲ್ಲ. ನೀರು ತುಂಬಿದೆ, ಕೆರೆ ಚೆಂದ ಕಾಣುತ್ತದೆ, ಗೂಳಿಕಪ್ಪೆಗೆ ಮಾತ್ರ ಅಲ್ಲಿ ಮಲಗಲೂ ಜಾಗವಿಲ್ಲ, ಮೊಟ್ಟೆ ಇಡಲೂ ಜಾಗವಿಲ್ಲ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಯಾಕೆಂದರೆ ಒಂದು ಬದಿಯನ್ನಾದರೂ ಇಳಿಜಾರಾಗಿ ಮಣ್ಣಾಗಿಯೇ ಬಿಟ್ಟರೆ ಖರ್ಚು ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ.

ನಿಮ್ಮ ಗುಂಡಿ ಹಾಗಾದರೆ ಸಣ್ಣ ವಿಷಯವಲ್ಲ. ಅದನ್ನು ಹಾಗೇ ಬಿಡಿ. ಮೀನು ಬಿಡಬೇಡಿ. ಸೊಳ್ಳೆಯಾಗುತ್ತದೆ ಅಂತ ಎಣ್ಣೆ, ಔಷಧಿ ಸುರಿಯಬೇಡಿ, ಅಲ್ಲಿನ ಮರಿಗಳೇ ಸೊಳ್ಳೆಮರಿ ತಿನ್ನುತ್ತಿವೆ. ಪಕ್ಕದ ಸಾಲಿಗೆ ಕೀಟನಾಶಕ ಹೊಡೆಯುವುದಿದ್ದರೆ ಮರಿಗಳು ನೆಲಕ್ಕೆ ಹತ್ತುವವರೆಗೆ ಮುಂದೂಡಿ. ಆಗದಿದ್ದರೆ ಗುಂಡಿಯ ಕಡೆಗೆ ನೀರು ಹರಿದು ಬರದಂತೆ ಒಂದು ಸಣ್ಣ ಮಣ್ಣಿನ ಒಡ್ಡು ಹಾಕಿ. ಮಳೆ ನಡುವೆ ಕೈಕೊಟ್ಟು ನೀರು ತೀರಾ ಇಳಿದರೆ ಬೋರಿನ ನೀರನ್ನು ಸ್ವಲ್ಪ ಸ್ವಲ್ಪವೇ ಬಿಡಬಹುದು, ನಲ್ಲಿಯ ಕ್ಲೋರಿನ್ ನೀರು ಬೇಡ.

ಮರಿಗಳಿಗೆ ಮುಂಗಾಲು ಬರುವಷ್ಟರಲ್ಲಿ ಗುಂಡಿಯ ಒಂದು ಬದಿಯನ್ನು ಸನಿಕೆಯಿಂದ ಕೆರೆದು ಇಳಿಜಾರು ಮಾಡಿ, ಅಲ್ಲಿ ಒಂದಿಷ್ಟು ಹುಲ್ಲು ಉಳಿಸಿ. ಕಡಿದಾದ ಅಂಚಿದ್ದರೆ ಅರ್ಧ ಬಾಲದ ಮರಿಗಳು ಹತ್ತಲಾರದೆ ಮುಳುಗಿ ಸಾಯುತ್ತವೆ. ತೋಟದಲ್ಲಿ ತೆರೆದ ಬಾವಿ, ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ ಇದ್ದರೆ ಅಲ್ಲಿಗೂ ಹೀಗೇ ಒಂದು ಉಪಾಯ ಬೇಕು. ದಪ್ಪ ಗೋಣಿ ಪಟ್ಟಿಯನ್ನೋ ಹಗ್ಗದ ಬಲೆಯನ್ನೋ ಅಂಚಿನಿಂದ ನೀರಿನವರೆಗೆ ಇಳಿಬಿಟ್ಟು ಮೇಲೆ ಗೂಟಕ್ಕೆ ಕಟ್ಟಿ. ಬಿದ್ದ ಕಪ್ಪೆ ಅದನ್ನು ಹಿಡಿದು ಹತ್ತಿ ಬರುತ್ತದೆ. ಮುಚ್ಚಲೇಬೇಕು ಅಂತಿದ್ದರೆ ಗುಂಡಿ ತಾನಾಗಿ ಒಣಗುವವರೆಗೆ ಕಾಯಿರಿ, ಅದೂ ಬೇರೆ ಕಡೆ ಅಷ್ಟೇ ಅಗಲದ, ಮೊಣಕಾಲುದ್ದ ನೀರು ನಿಲ್ಲುವ ಇನ್ನೊಂದು ತಗ್ಗು ತೋಡಿದ ಮೇಲೆ.